ರಾಯರ ಕಾರಿನ ಮುಳ್ಳು

ಮೈಸೂರಿನ ಚಂದ್ರಚೂಡರಾಯರಿಗೆ ತಂದೆ ಬಿಟ್ಟುಹೋದ ಹಳೇ ಕಾರಿನ ಮೇಲಿದ್ದ ನಂಬಿಕೆ, ಅದನ್ನು ಓಡಿಸುವ ಡ್ರೈವರ್ ಮೇಲೆ ಇರಲಿಲ್ಲ. ಮಾರನೇ ದಿನ ಹಳೇ ಕಾರುಗಳ ಮೆರವಣಿಗೆ.

"ಪೆಟ್ರೋಲ್ ಹಾಕಿಸಬೇಕು ಬುದ್ಧಿ. ಪೆಟ್ರೋಲ್ ತೋರಿಸೋ ಮುಳ್ಳು ಕೆಟ್ಟಿದೆ" ಅಂದ ಡ್ರೈವರ್.

"ಟ್ಯಾಂಕು ತುಂಬಿದೆ ಅಂತ ಮುಳ್ಳು ಹೇಳ್ತಿದೆ. ನಮ್ಮಪ್ಪನ ಕಾರು ಸುಳ್ಳು ಹೇಳುತ್ತೇನೋ? ಇನ್ನೊಂದು ಸಲ ಪೆಟ್ರೋಲ್ ಅಂದರೆ ಕೀ ಇಟ್ಟು ಮನೆಗೆ ನಡಿ. ನಾಳೆ ದಾರೀಲಿ ಕಾರು ನಿಂತರೂ ಅಷ್ಟೇ!"

ಪೆಟ್ರೋಲ್ ಕೇಳಿದರೂ ಕೆಲಸ ಹೋಗುತ್ತದೆ, ಕೇಳದಿದ್ದರೂ ಹೋಗುತ್ತದೆ. ಡ್ರೈವರ್ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ತೂರಿದ.

ಬೆಳಿಗ್ಗೆ ರಾಯರು ಜರಿಪೇಟ ಸುತ್ತಿಕೊಂಡು ಬಂದರು. ಡ್ರೈವರ್ ಕೀ ತಿರುಗಿಸಿದ. ಮುಳ್ಳು ಚಂಗನೆ ಮೇಲೇರಿತು.

"ನೋಡಿದೆಯಾ? ತುಂಬಿದೆ!"

"ತುಂಬಿದೆ ಬುದ್ಧಿ. ಆದರೆ ಟ್ಯಾಂಕು ಅಲ್ಲಿದೆ."

ಜಗಲಿಯ ಮೇಲೆ, ರಾಯರ ಚಪ್ಪಲಿಗಳ ಪಕ್ಕದಲ್ಲಿ, ಬಿಚ್ಚಿಟ್ಟ ಟ್ಯಾಂಕು ಬೋರಲಾಗಿ ಮಲಗಿತ್ತು.

ರಾಯರು ಟ್ಯಾಂಕು ನೋಡಿದರು. ಮುಳ್ಳು ನೋಡಿದರು. ಮೀಸೆ ತಿರುವಿದರು.

"ಇದಪ್ಪಾ ಕಾರು ಅಂದರೆ! ಟ್ಯಾಂಕೇ ಇಲ್ಲದಿದ್ದರೂ ತುಂಬಿರುತ್ತೆ!"

"ಹಾಗಾದರೆ ಹತ್ತಿ ಬುದ್ಧಿ, ಹೊರಡೋಣ."

ಹತ್ತಲು ಕಾಲೆತ್ತಿದ ರಾಯರು ಮೆಲ್ಲಗೆ ಇಳಿಸಿದರು.

"ಟ್ಯಾಂಕು ಕಟ್ಟಿ ಪೆಟ್ರೋಲ್ ತುಂಬಿಸು. ಆದರೆ ಕೆಟ್ಟಿದ್ದು ಟ್ಯಾಂಕು, ಮುಳ್ಳಲ್ಲ. ತಿಳೀತಾ?"

"ತಿಳೀತು ಬುದ್ಧಿ" ಅಂದ ಡ್ರೈವರ್, ಕೀ ಜೇಬಿಗೆ ಹಾಕಿಕೊಳ್ಳುತ್ತಾ.