ಗೌಡರ ಹೆಸರಿಗೆ ದಪ್ಪ ಅಕ್ಷರ

ಪುರಸಭೆ ಅಧ್ಯಕ್ಷ ವೀರಭದ್ರಗೌಡರು ಪ್ರೆಸ್ಸಿಗೆ ಬಂದವರೇ ಬೆತ್ತದಿಂದ ಮೇಜು ಕುಟ್ಟಿದರು. ಊರ ಸೂಲಗಿತ್ತಿ ಲಚಮವ್ವನಿಗೆ ಸನ್ಮಾನವಂತೆ, ಅದಕ್ಕೆ ಪೋಸ್ಟರ್ ಆಗಬೇಕಂತೆ.

"ನನ್ನ ಹೆಸರು ನಿಮ್ಮಲ್ಲಿರೋ ಎಲ್ಲಾಕಿಂತ ದಪ್ಪ ಅಕ್ಷರದಾಗ ಬರಬೇಕು. ಆ ಮುದುಕೀದು ಕೆಳಗ, ಇರುವಿ ಹಂಗ. ಇಲ್ಲಾಂದ್ರ ಪ್ರೆಸ್ಸಿಗೆ ಬೀಗ!"

ಈ ಮಹಾಪುರುಷನನ್ನೂ ಲೋಕಕ್ಕೆ ಎಳೆದು ತಂದದ್ದು ಅದೇ ಮುದುಕಿಯ ಕೈ. ಅಚ್ಚಿನ ಮೊಳೆ ಜೋಡಿಸುವ ಹುಸೇನಬಿ ಕೈಯ ಮಸಿ ಒರೆಸಿಕೊಂಡು, "ಎಲ್ಲಾಕಿಂತ ದಪ್ಪಂದನ ಹಾಕ್ತೀನ್ರಿ," ಅಂದಳು.

ಅಟ್ಟದಿಂದ ಮರದ ಅಕ್ಷರಗಳ ಪೆಟ್ಟಿಗೆ ಇಳಿಯಿತು. ಒಂದೊಂದೂ ಕುಂಬಳಕಾಯಿಯಂಥ ಅಕ್ಷರ. ಊರಿಗೆ ಸರ್ಕಸ್ ಬಂದಾಗ ಮಾತ್ರ ಅದು ಗೋಡೆ ಏರುತ್ತಿತ್ತು. ಓದು ಬಾರದವರೂ ಅದನ್ನು ಕಂಡರೆ ಸರ್ಕಸ್ ಬಂತು ಅನ್ನುತ್ತಿದ್ದರು. ಗೌಡರು ಮಾತ್ರ ಕರಡು ನೋಡಿ ಮೀಸೆ ತಿರುವಿದರು.

ಸನ್ಮಾನದ ದಿನ ಮೈದಾನ ತುಂಬಿ ತುಳುಕಿತು. ಜನ ಶೇಂಗಾ ಕಟ್ಟಿಕೊಂಡು, ಕೂಸುಗಳನ್ನು ಹೆಗಲೇರಿಸಿಕೊಂಡು ಬಂದಿದ್ದರು. ಗೌಡರು ತಮ್ಮ ಗುಣಗಾನ ತಾವೇ ಶುರು ಮಾಡಿದರು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಕಡೆಗೆ ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಎದ್ದು ನಿಂತು ಕೂಗಿದಳು: "ಜೋಕರ್ ಆಟ ಸಾಕು, ಆನಿ ಬಿಡ್ರೋ!"

ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಚಮವ್ವನೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಮರುದಿನ ಗೌಡರು ಪ್ರೆಸ್ಸಿಗೆ ನುಗ್ಗಿದರು. "ಸರ್ಕಸ್ಸಿನ ಅಕ್ಷರ ಹಾಕಿ ಊರ ಮಂದಿಗೆ ಮೋಸ ಮಾಡೀದಿ!"

ಹುಸೇನಬಿ ಮೊಳೆಯಿಂದ ಕಣ್ಣೆತ್ತಲಿಲ್ಲ. "ಮೋಸ ಎಲ್ಲಿ ಬಂತ್ರಿ ಗೌಡ್ರ? ಆ ಅಕ್ಷರ ನೋಡಿ ಬಂದವರು ಯಾವತ್ತೂ ನಕ್ಕೊಂತನ ಮನಿಗೆ ಹೋಗ್ಯಾರ. ನಿನ್ನೆನೂ ಹಂಗ ಹೋದ್ರು."