ಸೌಟಿಗೆ ಅಂಟಿದ ಜೇನು

"ಮೇಷ್ಟ್ರೇ, ಸೊನ್ನೆ ಪಾಯಿಂಟ್ ಒಂದಕ್ಕೆ ಸೊನ್ನೆ ಪಾಯಿಂಟ್ ಎರಡು ಕೂಡಿಸಿದರೆ ಸೊನ್ನೆ ಪಾಯಿಂಟ್ ಮೂರು ಆಗಬೇಕು ತಾನೇ? ಪ್ರೋಗ್ರಾಮಿನ ಲೆಕ್ಕ ಸರಿಯಿದೆಯೇ ಎಂದು ನೋಡುವ ನನ್ನ ಟೆಸ್ಟು ಆಗಿಲ್ಲ ಅನ್ನುತ್ತಿದೆ. ವ್ಯತ್ಯಾಸ ಇರುವುದು ಹದಿನೇಳನೆಯ ಸ್ಥಾನದಲ್ಲಿ. ಟೆಸ್ಟನ್ನು ಸ್ವಲ್ಪ ಸಡಿಲ ಬಿಟ್ಟುಬಿಡು ಅನ್ನುತ್ತಾರೆ ಜೊತೆಯವರು. ಬಿಡಲೇ?"

ಕೇಳಿದವಳು ಮಂದಾಕಿನಿ. ರೋಗಿಗಳಿಗೆ ಕೊಡುವ ಔಷಧದ ಲೆಕ್ಕ ಹಾಕುವ ಪ್ರೋಗ್ರಾಮು ಅವಳದು. ಮೇಷ್ಟ್ರು ಪ್ರೋಗ್ರಾಮಿಂಗ್ ಕಲಿಸುತ್ತಲೇ ತಲೆ ನರೆತವರು.

"ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಅಂಕಿ, ಸೊನ್ನೆ ಮತ್ತು ಒಂದು. ಹತ್ತನೇ ಒಂದು ಪಾಲು ಅದರಲ್ಲಿ ಪೂರಾ ಹಿಡಿಸುವುದಿಲ್ಲ, ಚೂರು ಆಚೀಚೆ ಆಗುತ್ತದೆ. ಪಾಪ, ಅದರ ತಪ್ಪಲ್ಲ. ಒಂದು ಕತೆ ಹೇಳುತ್ತೇನೆ, ಕೇಳು" ಎಂದರು ಮೇಷ್ಟ್ರು.

ಒಬ್ಬ ಜೇನು ವ್ಯಾಪಾರಿಯಿದ್ದ. ಹಂಡೆಯ ಜೇನನ್ನು ಸೌಟಿನಿಂದ ಭರಣಿಗಳಿಗೆ ತುಂಬಲು ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದ. ಒಂದು ದಿನ ಅವನಿಗೆ ಏನು ತಿಳಿಯಿತೋ, ಹಂಡೆಯ ಜೇನನ್ನು ಮೊದಲೇ ತೂಗಿಸಿಟ್ಟ. ಅವಳು ತುಂಬಿ ಮುಗಿಸಿದ ಮೇಲೆ ಭರಣಿಗಳ ಜೇನನ್ನೂ ತೂಗಿಸಿದ. ಎರಡೂ ಸಮ ಬರಲಿಲ್ಲ. ಭರಣಿಗಳಲ್ಲಿ ಒಂದಿಷ್ಟು ಕಡಿಮೆಯಿತ್ತು.

"ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ? ನಾಳೆಯಿಂದ ಬರಬೇಡ" ಎಂದು ಹಾರಾಡಿದ.

ವ್ಯಾಪಾರಿಯ ತಮ್ಮ ಮೆತ್ತಗಿನ ಮನುಷ್ಯ. "ಹೋಗಲಿ ಬಿಡಣ್ಣ, ಚೂರುಪಾರು ಹೋದರೆ ಏನಾಯಿತು?" ಎಂದ.

ಹೆಂಗಸು ಕಣ್ಣೊರೆಸಿಕೊಂಡಳು. "ಬಿಡುವುದು ಬೇಡ ಧಣಿ. ಕೆಲಸ ಹೋದರೆ ಹೋಗಲಿ. ಕಳ್ಳಿ ಅನ್ನಿಸಿಕೊಂಡು ಈ ಊರಲ್ಲಿ ಹೇಗೆ ತಲೆಯೆತ್ತಿ ನಡೆಯಲಿ?"

ಒಳಗಿನಿಂದ ವ್ಯಾಪಾರಿಯ ತಾಯಿ ಬಂದಳು. ಅಷ್ಟೇ ಜೇನಿದ್ದ ಇನ್ನೊಂದು ಹಂಡೆ ತರಿಸಿದಳು, ಸೆರಗು ಸಿಕ್ಕಿಸಿಕೊಂಡು ಮಗನ ಕಣ್ಣೆದುರಿಗೇ ತಾನೇ ಭರಣಿಗಳಿಗೆ ತುಂಬಿದಳು. ತೂಗಿದರೆ ಅವಳು ತುಂಬಿದ್ದರಲ್ಲೂ ಅಷ್ಟೇ ಕಡಿಮೆ.

"ನಾನೂ ಕಳ್ಳಿಯೇನೋ?" ಎಂದಳು. ಮಗ ತಲೆ ತಗ್ಗಿಸಿದ.

ಭಲೇ ಮುದುಕಿ! ಅಲ್ಲಿಗೇ ಬಿಡಲಿಲ್ಲ ನೋಡು. ಸೌಟು ಕೆರೆದಳು, ಹಂಡೆಯ ತಳ ಕೆರೆದಳು, ಕೆರೆದದ್ದನ್ನು ತಕ್ಕಡಿಗೆ ಹಾಕಿ ಅದರ ತೂಕಕ್ಕೆ ಸರಿಯಾಗಿ ಒಂದು ಕಲ್ಲು ಆರಿಸಿಟ್ಟಳು. "ಇದು ಅಂಟಿನ ಪಾಲು. ಕಡಿಮೆ ಬಿದ್ದದ್ದು ಇದರೊಳಗಿದ್ದರೆ ಇವಳ ಕಡೆ ಯಾರೂ ಬೆರಳು ತೋರಿಸಕೂಡದು. ಇದನ್ನು ದಾಟಿತೋ, ಯಾರೇ ಆಗಲಿ, ನಾನು ಬಿಡುವವಳಲ್ಲ" ಎಂದಳು. ಅಂಥವಳ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ.

ಹೆಂಗಸಿನ ಮರ್ಯಾದೆ ಉಳಿಯಿತು. ದಿನಾ ತೂಕ ನಡೆಯಿತು, ಕಲ್ಲಿನ ಗಡಿ ದಾಟಲಿಲ್ಲ. ಆಮೇಲೊಂದು ದಿನ ಆಕೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ದಾಟಿತು. ಮುದುಕಿ ಎಲ್ಲರನ್ನೂ ಕರೆಸಿ ಸಾಲಾಗಿ ನಿಲ್ಲಿಸಿದಳು. ವ್ಯಾಪಾರಿಯ ಮೀಸೆ ಜೇನಿನಿಂದ ಅಂಟಂಟಾಗಿತ್ತು.

ಮಂದಾಕಿನಿ ನಕ್ಕುಬಿಟ್ಟಳು. ಅವಳ ಮನಸ್ಸು ಹಗುರವಾಯಿತು. "ಎಂಥಾ ಅಜ್ಜಿ! ಸರಿ ಮೇಷ್ಟ್ರೇ, ನಾನೂ ಒಂದು ಗಡಿ ಹಾಕುತ್ತೇನೆ. ಟೆಸ್ಟು ಪಾಸಾಗಬೇಕಾದರೆ ಎಷ್ಟು ಇಡಲಿ, ಹೇಳಿ."

ಮೇಷ್ಟ್ರು ಅವಳನ್ನೇ ನೋಡಿದರು.

"ಪಾಸಾಗುವಷ್ಟು ಇಟ್ಟಿದ್ದರೆ, ಆ ಮೀಸೆ ಸಿಗುತ್ತಿತ್ತೇನಮ್ಮಾ?"

ಅವಳು ಟೆಸ್ಟನ್ನು ಬದಿಗಿಟ್ಟು, ಲೆಕ್ಕದಲ್ಲಿ ಚೂರು ಎಷ್ಟು ಆಚೀಚೆ ಆಗುತ್ತದೆಂದು ಅಳೆಯಲು ಕೂತಳು.