ಬೆನ್ನ ಹಿಂದೆ ನಿಲ್ಲುವವರು

ಲಸ್ರಾದೊ ಮನೆತನ ಮೂರು ತಲೆಮಾರಿನಿಂದ ಮಂಗಳೂರಿನಲ್ಲಿ ಮರ್ಯಾದೆಯಿಂದ ಬಾಳಿದ್ದು. ಅಜ್ಜ ಶಾಲೆಯ ಹೆಡ್‌ಮಾಸ್ಟರ್, ತಂದೆ ಚರ್ಚಿನ ಗುರ್ಕಾರ್, ಅಂದರೆ ವಾರ್ಡಿನ ಮುಖಂಡ. ಆ ಮನೆಯ ಬೆನೆಡಿಕ್ಟಾ, ವಿಮಾ ಕಚೇರಿಯ ಗುಮಾಸ್ತೆ, ಯಾರೆದುರೂ ತಲೆ ತಗ್ಗಿಸಿದವರಲ್ಲ.

ಆದರೆ ಈಗ ಬೀಳಲೇಬೇಕಿತ್ತು. ಅರ್ಧ ಸಿಬ್ಬಂದಿಯನ್ನು ಕೆಲಸದಿಂದ ತೆಗೆದ ಮರುವಾರವೇ, ಉಳಿದವರಲ್ಲಿ ಒಗ್ಗಟ್ಟು ಬೆಳೆಸಲು ಮ್ಯಾನೇಜರ್ ಸುವರ್ಣರು ಆಟ ಇಟ್ಟಿದ್ದರು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಸಹೋದ್ಯೋಗಿ ಹಿಡಿಯಬೇಕು.

"ಬೀಳದವರಿಗೆ ಸಂಸ್ಥೆಯ ಮೇಲೆ ನಂಬಿಕೆಯಿಲ್ಲ ಅಂತ ಅರ್ಥ. ಅಂಥವರೂ ಮನೆಗೆ ಹೋಗಬಹುದು," ಎಂದರು ಸುವರ್ಣರು. "ಯಾರನ್ನು ನಂಬುತ್ತೀರೋ ಅವರ ಹೆಸರು ಕರೆಯಿರಿ ಮೇಡಂ."

ಬೆನೆಡಿಕ್ಟಾ ಸೆರಗು ಸರಿಪಡಿಸಿಕೊಂಡು, ಬೆನ್ನು ತಿರುಗಿಸಿ ಕಣ್ಣು ಮುಚ್ಚಿದರು. "ಗುಲಾಬೀ!"

"ಗುಲಾಬಿಯನ್ನು ಹೋದ ವಾರವೇ ತೆಗೆದೆವಲ್ಲ! ಬೇರೆಯವರನ್ನು ಕರೆಯಿರಿ."

"ಸರಿ ಸರ್. ಹಸನಬ್ಬಾ!"

ಹಸನಬ್ಬನೂ ಹೋದವನೇ. ಸಾಲಿನಲ್ಲಿದ್ದ ಜವಾನ ಶೀನ ಮೆಲ್ಲಗೆ, "ನಂಗೂ ಹಿಡಿಯೋಕೆ ಹಸನಬ್ಬನೇ ಬೇಕು ಸಾರ್," ಎಂದ. ಅವನ ಪಕ್ಕದ ಟೈಪಿಸ್ಟ್ ಅಳತೊಡಗಿದಳು.

ಸುವರ್ಣರ ಮುಖ ಕೆಂಪಾಯಿತು. "ಆಟ ಆಡಿ ಅಂದರೆ ಸತ್ತವರ ಹೆಸರು ಓದುತ್ತೀರಲ್ಲ!"

"ಅವರು ಸತ್ತಿಲ್ಲ ಸರ್. ನೀವು ಕಳಿಸಿದಿರಿ."

"ನಿಮ್ಮ ಕೆಲಸವೂ ಹೋಗುತ್ತೆ, ಗೊತ್ತಾ?"

"ಗೊತ್ತು," ಎಂದರು ಬೆನೆಡಿಕ್ಟಾ, ಕಣ್ಣು ತೆರೆಯದೆ. "ಮೊದಲು ಅವರನ್ನು ಕರೆಸಿ ಕ್ಷಮೆ ಕೇಳಿ. ಆಮೇಲೆ ಬೀಳುತ್ತೇನೆ."